ಹೆಣ್ಣಿನ ಆಸ್ತಿ, ಮದುವೆಯ ಆಯಸ್ಸು

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ವಿಚ್ಛೇದನ ಪಡೆದವರು ಸುಮಾರು 13.6 ಲಕ್ಷ ಮಂದಿ. ಮದುವೆಯಾದವರ ಲೆಕ್ಕದಲ್ಲಿ ಇದು ಶೇ. 0.24. ನಮ್ಮ ಸಂಸಾರಗಳು ಗಟ್ಟಿ, ಪಶ್ಚಿಮದವರದು ಸಡಿಲ ಎಂದು ವಾದಿಸುವವರು ಈ ಅಂಕಿಯನ್ನೇ ಮುಂದಿಡುತ್ತಾರೆ. ಆದರೆ ಅದೇ ಜನಗಣತಿಯಲ್ಲಿ ಇನ್ನೊಂದು ಕಾಲಂ ಇದೆ: ಕಾಗದದ ಮೇಲೆ ಮದುವೆ ಉಳಿದಿದ್ದರೂ ಬೇರೆಯಾಗಿ ಬದುಕುತ್ತಿರುವವರದು. ಅವರ ಪ್ರಮಾಣ ಶೇ. 0.61, ವಿಚ್ಛೇದಿತರ ಎರಡೂವರೆ ಪಟ್ಟಿಗೂ ಹೆಚ್ಚು. ಸಂಶೋಧಕರಾದ ಸೂರಜ್ ಜೇಕಬ್ ಮತ್ತು ಶ್ರೀಪರ್ಣಾ ಚಟ್ಟೋಪಾಧ್ಯಾಯ 2016ರಲ್ಲಿ ಈ ಅಂಕಿಗಳನ್ನು ಬಿಡಿಸಿ ನೋಡಿದಾಗ ಎರಡೂ ಕಾಲಂಗಳಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚಿರುವುದು ಕಂಡಿತು. ಒಂದು ಮದುವೆ ಮುರಿದರೆ ಇಬ್ಬರೂ ಬೇರೆಯಾಗುತ್ತಾರೆ. ಆದರೆ ಗಂಡಸು ಮತ್ತೆ ಮದುವೆಯಾಗಿ ಈ ಲೆಕ್ಕದಿಂದ ಆಚೆ ಹೋಗುತ್ತಾನೆ, ಹೆಂಗಸು ಅಲ್ಲೇ ಉಳಿಯುತ್ತಾಳೆ. ಹಾಗಿರುವಾಗ ವಿಚ್ಛೇದನದ ಅಂಕಿ ಕಡಿಮೆಯಿದೆ ಎಂಬುದರಿಂದ ಮದುವೆಗಳು ಚೆನ್ನಾಗಿವೆ ಎಂದು ತೀರ್ಮಾನಿಸಲು ಬರುವುದಿಲ್ಲ. ಹೆಣ್ಣು ಹೊಟ್ಟೆಪಾಡಿಗೆ, ಸೂರಿಗೆ ಗಂಡನನ್ನೇ ನೆಚ್ಚಿಕೊಂಡಿರುವುದರಿಂದ ಮದುವೆಗಳು ಉಳಿಯುತ್ತವೆ ಎಂಬ ನಂಬಿಕೆಯನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಸಿಕ್ಕಿರುವ ಪುರಾವೆಗಳು ಹೇಳುವುದು ಬೇರೆಯದನ್ನೇ. ಆರ್ಥಿಕ ಅವಲಂಬನೆ ಮದುವೆಯನ್ನು ಕಾಪಾಡುವುದಿಲ್ಲ. ಮುರಿದ ಮದುವೆಯನ್ನು ಮನೆಯೊಳಗೇ ಮುಚ್ಚಿಡುತ್ತದೆ, ಮುಚ್ಚಿಡುವ ಬೆಲೆಯನ್ನು ಹೆಣ್ಣಿನಿಂದಲೇ ವಸೂಲು ಮಾಡುತ್ತದೆ.

ಅರ್ಥಶಾಸ್ತ್ರದಲ್ಲಿ ಈ ಚರ್ಚೆಗೆ ಎರಡು ದಾರಿಗಳಿವೆ. 1981ರಲ್ಲಿ ಕುಟುಂಬದ ಬಗ್ಗೆ ದೊಡ್ಡ ಗ್ರಂಥ ಬರೆದ ಗ್ಯಾರಿ ಬೆಕರ್ ಮದುವೆಯನ್ನು ಕೆಲಸದ ಹಂಚಿಕೆಯಾಗಿ ಕಂಡರು: ಒಬ್ಬರು ಹೊರಗೆ ದುಡಿಯುತ್ತಾರೆ, ಇನ್ನೊಬ್ಬರು ಮನೆ ನೋಡಿಕೊಳ್ಳುತ್ತಾರೆ, ಈ ಹಂಚಿಕೆಯಿಂದ ಇಬ್ಬರಿಗೂ ಲಾಭ. ಹೆಣ್ಣಿನ ಸಂಪಾದನೆ ಹೆಚ್ಚಿದಂತೆ ಆ ಲಾಭ ಕಡಿಮೆಯಾಗಿ ವಿಚ್ಛೇದನ ಹೆಚ್ಚುತ್ತದೆ ಎಂಬುದು ಅವರ ತರ್ಕ. ಅಮರ್ತ್ಯ ಸೇನ್ 1990ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಅದೇ ಸಂಸಾರವನ್ನು ಬೇರೆ ಕಡೆಯಿಂದ ನೋಡಿದರು. ಗಂಡ ಹೆಂಡತಿಯ ನಡುವೆ ಸಹಕಾರವೂ ಇದೆ, ಹಿತಗಳ ಘರ್ಷಣೆಯೂ ಇದೆ. ಆ ಘರ್ಷಣೆಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಸಂಸಾರ ಮುರಿದುಬಿದ್ದರೆ ಯಾರ ಗತಿ ಏನಾಗುತ್ತದೆ ಎಂಬುದರ ಮೇಲೆ ನಿಂತಿದೆ. ಹೊರಗೆ ಹೋದರೆ ಬೀದಿಯೇ ಗತಿ ಎಂದಾದವಳು ಒಳಗೆ ಯಾವ ಷರತ್ತನ್ನೂ ಹಾಕಲಾರಳು. ನನಗೆ ಸೇನ್ ಅವರ ದಾರಿಯೇ ನಮ್ಮ ನಾಡಿನ ವಾಸ್ತವಕ್ಕೆ ಹತ್ತಿರ ಎನಿಸುತ್ತದೆ. ವಿಚ್ಛೇದನ ಪಡೆಯದ ಕೋಟ್ಯಂತರ ಹೆಂಗಸರ ದಿನನಿತ್ಯದ ಬದುಕನ್ನು ವಿವರಿಸುವ ಶಕ್ತಿ ಇರುವುದು ಅದಕ್ಕೆ.

ಈ ವಿಚಾರಕ್ಕೆ ಭಾರತದಲ್ಲಿ ಸಿಕ್ಕ ಅತ್ಯಂತ ಬಲವಾದ ಪುರಾವೆ ಬಂದದ್ದು ಕೇರಳದಿಂದ. ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್ವಾಲ್ ತಿರುವನಂತಪುರ ಜಿಲ್ಲೆಯ ಹಳ್ಳಿ ಮತ್ತು ಪಟ್ಟಣಗಳಲ್ಲಿ ಮದುವೆಯಾದ 502 ಮಹಿಳೆಯರನ್ನು ಅಧ್ಯಯನ ಮಾಡಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಭೂಮಿಯೂ ಮನೆಯೂ ತಮ್ಮ ಹೆಸರಲ್ಲಿ ಇಲ್ಲದವರ ಪೈಕಿ ಶೇ. 49ರಷ್ಟು ಹೆಂಗಸರು ಮದುವೆಯಾದಾಗಿನಿಂದ ಗಂಡನ ದೈಹಿಕ ಹಿಂಸೆ ಅನುಭವಿಸಿದ್ದರು. ಭೂಮಿ ಮಾತ್ರ ಇದ್ದವರಲ್ಲಿ ಅದು ಶೇ. 18, ಮನೆ ಮಾತ್ರ ಇದ್ದವರಲ್ಲಿ ಶೇ. 10, ಎರಡೂ ಇದ್ದವರಲ್ಲಿ ಶೇ. 7. ಹಿಂಸೆಗೆ ಒಳಗಾದ 179 ಮಂದಿಯಲ್ಲಿ ಮನೆ ಬಿಟ್ಟು ಹೊರಟವರು 43. ಆಸ್ತಿ ಇದ್ದವರಲ್ಲಿ ಶೇ. 71ರಷ್ಟು ಮಂದಿ ಹೊರಟರೆ, ಇಲ್ಲದವರಲ್ಲಿ ಹೊರಟವರು ಶೇ. 19 ಮಾತ್ರ. ಹಾಗೆ ಹೊರಟ 43 ಮಂದಿಯಲ್ಲಿ 24 ಮಂದಿ ಮತ್ತೆ ಅದೇ ಗಂಡನ ಮನೆಗೆ ಮರಳಿದರು, ಮರಳಿದವರಲ್ಲಿ ಶೇ. 88ರಷ್ಟು ಜನರಿಗೆ ಸ್ವಂತದ್ದೆನ್ನುವ ಆಸ್ತಿ ಇರಲಿಲ್ಲ. ಈ ಕೊನೆಯ ಅಂಕಿಯ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಆ ಹೆಂಗಸರು ಹೊಡೆತ ತಿಂದು, ಧೈರ್ಯ ಮಾಡಿ ಹೊಸ್ತಿಲು ದಾಟಿದವರು. ಅವರಿಗೆ ಕಡಿಮೆಯಾಗಿದ್ದದ್ದು ಧೈರ್ಯವಲ್ಲ. ಊರಿನ ಲೆಕ್ಕದಲ್ಲಿ ಮಾತ್ರ ಅವರು 'ಅನುಸರಿಸಿಕೊಂಡು ಹೋಗುವ' ಗೃಹಿಣಿಯರಾಗಿ, ಉಳಿದ ಮದುವೆಗಳಾಗಿ ದಾಖಲಾಗುತ್ತಾರೆ.

ಆಸ್ತಿ ಉಳ್ಳವಳು ಸಾಮಾನ್ಯವಾಗಿ ಓದಿದವಳೂ ಉಳ್ಳವರ ಮನೆಯವಳೂ ಆಗಿರುತ್ತಾಳೆ, ಹಿಂಸೆ ಕಡಿಮೆಯಾಗಲು ಅದೇ ಕಾರಣವಿರಬಹುದು ಎಂಬ ಆಕ್ಷೇಪ ನ್ಯಾಯವಾದದ್ದೇ. ಸಂಶೋಧಕರು ಅದನ್ನು ಕಡೆಗಣಿಸಿಲ್ಲ. ಕುಟುಂಬದ ಆರ್ಥಿಕ ಸ್ಥಿತಿ, ವಿದ್ಯಾಭ್ಯಾಸ, ಉದ್ಯೋಗ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಆಸ್ತಿಯ ಪರಿಣಾಮ ಹಾಗೇ ಉಳಿಯಿತು. ಇಲ್ಲಿ ಇನ್ನೊಂದು ಅಂಶವೂ ಇದೆ. ಆಸ್ತಿಯಿದ್ದ ಹೆಂಗಸರೆಲ್ಲ ಮನೆ ಬಿಟ್ಟು ಹೋಗಲಿಲ್ಲ. ಬಹುಪಾಲು ಮಂದಿಗೆ ಹೋಗುವ ಸಂದರ್ಭವೇ ಬರಲಿಲ್ಲ, ಯಾಕೆಂದರೆ ಅವರ ಮೇಲೆ ಕೈ ಎತ್ತಿದವರೇ ಕಡಿಮೆ. ಹೊರಗೆ ಹೋಗಬಲ್ಲಳು ಎಂಬ ಅರಿವೇ ಒಳಗಿನ ಬಾಳನ್ನು ತಿದ್ದಿತು. ಸ್ವಾವಲಂಬನೆ ಸಂಸಾರ ಒಡೆಯುತ್ತದೆ ಎನ್ನುವವರು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋಗುವುದು ಇದನ್ನೇ.

ಹಾಗಾದರೆ ಹೆಣ್ಣುಮಕ್ಕಳು ದುಡಿಯಲು ಹೊರಟರೆ ಸಾಕಲ್ಲವೇ? ಇಲ್ಲಿ ಕರ್ನಾಟಕದ ಅನುಭವ ನಮ್ಮನ್ನು ಎಚ್ಚರಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಗಂಡನಿಂದ ಹಿಂಸೆ ಅನುಭವಿಸಿದ ಮಹಿಳೆಯರ ಪ್ರಮಾಣ ದೇಶದಲ್ಲಿ ಶೇ. 29.3 ಇದ್ದರೆ, ಕರ್ನಾಟಕದಲ್ಲಿ ಶೇ. 44.4. ದೇಶದಲ್ಲೇ ಇದು ಅತಿ ಹೆಚ್ಚು. ನಮ್ಮದು ಹೆಂಗಸರು ದುಡಿಯದ ರಾಜ್ಯವೇನಲ್ಲ. ಬೆಂಗಳೂರು, ರಾಮನಗರ, ಮಂಡ್ಯದ ಗಾರ್ಮೆಂಟ್ಸ್ ಕಾರ್ಖಾನೆಗಳು ಹೆಣ್ಣುಮಕ್ಕಳ ದುಡಿಮೆಯ ಮೇಲೆಯೇ ನಿಂತಿವೆ. ಕರಾವಳಿಯ ಬೀಡಿ ಕಟ್ಟುವ ಕೆಲಸ, ಬಯಲುಸೀಮೆಯ ಕಳೆ ಕೀಳುವ, ನಾಟಿ ಹಾಕುವ ಕೆಲಸ ಬಹುಪಾಲು ಹೆಂಗಸರದೇ. ದುಡಿಮೆ ಒಂದು, ದುಡಿದ ಹಣ ಕೈಯಲ್ಲಿ ನಿಲ್ಲುವುದು ಇನ್ನೊಂದು. 2023-24ರ ಕಾರ್ಮಿಕ ಸಮೀಕ್ಷೆಯಲ್ಲಿ ಹದಿನೈದು ವರ್ಷ ದಾಟಿದ ಮಹಿಳೆಯರ ಪೈಕಿ ಶೇ. 41.7 ಮಂದಿ ದುಡಿಯುವವರ ಇಲ್ಲವೇ ಕೆಲಸ ಹುಡುಕುವವರ ಲೆಕ್ಕಕ್ಕೆ ಬಂದರು. 2017-18ರಲ್ಲಿ ಇದು ಶೇ. 23.3 ಇತ್ತು. ಕೇಳಲು ಹಿತವಾದ ಏರಿಕೆ. ಆದರೆ ಹಾಗೆ ದುಡಿಯುವ ಹೆಂಗಸರಲ್ಲಿ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಮಂದಿ ಮನೆಯ ಹೊಲದಲ್ಲಿ, ಅಂಗಡಿಯಲ್ಲಿ ಸಂಬಳವಿಲ್ಲದೆ ಕೈಜೋಡಿಸುವವರು. ದುಡಿಮೆ ಅವರದು, ಪಹಣಿಯಲ್ಲಿರುವ ಹೆಸರು ಗಂಡನದೋ ಮಾವನದೋ. ಸಂಬಳ ತರುವವಳಿಗೂ ಮನೆಗೆಲಸದಿಂದ ಬಿಡುಗಡೆಯಿಲ್ಲ: 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಟ್ಟರೆ, ಗಂಡಸರು 88 ನಿಮಿಷ. ಗಾರ್ಮೆಂಟ್ಸ್‌ನ ಸಂಬಳದಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಅಡ್ವಾನ್ಸ್ ಕೊಟ್ಟು ಬಾಡಿಗೆ ಮನೆ ಹಿಡಿದು, ಇಬ್ಬರು ಮಕ್ಕಳ ಶಾಲೆಯ ಶುಲ್ಕ ಕಟ್ಟಿ ಬದುಕಬಲ್ಲೆನೇ ಎಂಬ ಲೆಕ್ಕ ಹಾಕಿದ ಹೆಂಗಸಿಗೆ ಉತ್ತರ ಆ ಕ್ಷಣವೇ ಸಿಗುತ್ತದೆ. ಸಂಬಳ ಹೊಟ್ಟೆ ತುಂಬಿಸಬಹುದು. ಹೊರಡುವ ಹೊತ್ತಿಗೆ ಬೇಕಾದದ್ದು ಸೂರು.

ಸೂರು ಇದ್ದಾಗ ಮದುವೆಯ ಸ್ವರೂಪವೇ ಬೇರೆಯಾಗಿರುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಬಂಟರು, ಬಿಲ್ಲವರು ಮುಂತಾದ ಸಮುದಾಯಗಳ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿದುಬರುತ್ತಿತ್ತು. ಕುಟುಂಬದ ಮನೆಯಲ್ಲಿ ಹುಟ್ಟಿದ ಹೆಣ್ಣಿಗೆ ಅಲ್ಲಿ ಹಕ್ಕಿತ್ತು, ಅವಳ ಮಕ್ಕಳಿಗೂ ಇತ್ತು. ಬಾಳು ಹೊಂದದಿದ್ದರೆ ಆಕೆ ತನ್ನದೇ ಮನೆಗೆ ಮರಳುತ್ತಿದ್ದಳು. ವಿಚ್ಛೇದನವೂ ಮರುಮದುವೆಯೂ ಅಲ್ಲಿ ಅಪಮಾನದ ಮಾತಾಗಿರಲಿಲ್ಲ. ಆಸ್ತಿಯ ಆಡಳಿತ ಹೆಚ್ಚಾಗಿ ಮನೆಯ ಹಿರಿಯ ಗಂಡಸಿನ ಕೈಯಲ್ಲಿತ್ತು, ಆದ್ದರಿಂದ ಅದನ್ನು ಹೆಣ್ಣಾಳ್ವಿಕೆ ಎಂದು ವೈಭವೀಕರಿಸುವುದು ತಪ್ಪು. ಆದರೂ ಸೋದರಮಾವನ ಆಡಳಿತದ ಮನೆ ಮತ್ತು ಹಕ್ಕೇ ಇಲ್ಲದ ತವರು ಇವೆರಡರ ನಡುವೆ ಅಂತರ ದೊಡ್ಡದು. ಉತ್ತರ ಕರ್ನಾಟಕದ ಹಲವು ದುಡಿಯುವ ಜಾತಿಗಳಲ್ಲಿ ಪಂಚರ ಮುಂದೆ ಸೋಡಚೀಟಿ ಪಡೆದು ಬೇರೆಯಾಗುವ, ಉಡಿಕೆಯ ಮೂಲಕ ಮತ್ತೆ ಸಂಸಾರ ಹೂಡುವ ರೂಢಿಯಿತ್ತು. ಹೊಲದಲ್ಲಿ ಹೆಣ್ಣಿನ ದುಡಿಮೆಗೆ ಬೆಲೆಯಿದ್ದ ಕಡೆ ಅವಳು ಹೊರಲಾರದ ಭಾರ ಆಗಿರಲಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 29(2)ನೇ ಕಲಂ ಇಂಥ ರೂಢಿಗತ ವಿಚ್ಛೇದನವನ್ನು ಇಂದಿಗೂ ಉಳಿಸಿಕೊಂಡಿದೆ. ಅದೇ ಸಮುದಾಯಗಳು ನಾಲ್ಕು ಕಾಸು ಕಂಡು ಮೇಲೆ ಬಂದಂತೆ ಹೆಣ್ಣನ್ನು ಹೊಲದಿಂದ ಬಿಡಿಸಿ ಮನೆಯಲ್ಲಿ ಕೂರಿಸಿದವು, ಉಡಿಕೆಯನ್ನು ಕೀಳೆಂದು ಬಿಟ್ಟವು, ವರದಕ್ಷಿಣೆಯನ್ನು ಹಿಡಿದವು. ನಾವು ಸನಾತನ ಎಂದು ತಿಳಿದ ಬಿಡಿಸಲಾರದ ಮದುವೆ ಅನೇಕ ಮನೆಗಳಲ್ಲಿ ಎರಡು ಮೂರು ತಲೆಮಾರಿನಷ್ಟು ಹೊಸದು.

ಕಾನೂನು ಹೆಣ್ಣಿಗೆ ತವರಿನ ಆಸ್ತಿಯಲ್ಲಿ ಪಾಲು ಕೊಟ್ಟಿಲ್ಲವೇ ಎಂದು ಕೇಳಬಹುದು. ಕೊಟ್ಟಿದೆ, ಈ ವಿಷಯದಲ್ಲಿ ಕರ್ನಾಟಕ ಕೇಂದ್ರಕ್ಕಿಂತ ಮುಂದಿತ್ತು. ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಾನ ಹಕ್ಕು ಕೊಡುವ ನಮ್ಮ ತಿದ್ದುಪಡಿ 1994ರ ಜುಲೈ 30ರಂದೇ ಜಾರಿಗೆ ಬಂತು. ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿ ಬಂದದ್ದು 2005ರ ಸೆಪ್ಟೆಂಬರ್ 9ರಂದು; ಅದರ ಅರ್ಥದ ಬಗ್ಗೆ ಇದ್ದ ಗೊಂದಲವನ್ನು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಬಗೆಹರಿಸಲು 2020 ಬರಬೇಕಾಯಿತು. ಆದರೆ ನೋಂದಣಿ ಕಚೇರಿಗಳಲ್ಲಿ ನಡೆಯುವುದೇ ಬೇರೆ. ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ. ಪ್ರತಿಯಾಗಿ ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣ, ಒಂದು ಸೀರೆ. ಇದನ್ನು ಮುಗ್ಧತೆ ಎನ್ನುವುದು ಸರಿಯಲ್ಲ. ನಾಳೆ ಗಂಡನ ಮನೆಯಲ್ಲಿ ಬಾಳಲಾಗದಿದ್ದರೆ ಅಣ್ಣನ ಮನೆಯ ಬಾಗಿಲು ತೆರೆದಿರಲಿ ಎಂಬ ವಿವೇಕ ಅದರ ಹಿಂದಿದೆ. ಕಾನೂನು ಕೊಟ್ಟ ಹಕ್ಕನ್ನು ಬಿಟ್ಟುಕೊಟ್ಟು ಅವಳು ಅಣ್ಣನ ಪ್ರೀತಿಯನ್ನು ಕೊಳ್ಳುತ್ತಾಳೆ. ಅಣ್ಣನ ಕಾಲ ಮುಗಿದು ಮನೆ ಅವನ ಮಕ್ಕಳ ಕೈಗೆ ಬಂದ ಮೇಲೆ ಆ ಬಾಗಿಲೂ ಮುಚ್ಚುತ್ತದೆ. ಒಂದು ಅವಲಂಬನೆಯಿಂದ ತಪ್ಪಿಸಿಕೊಳ್ಳಲು ಇನ್ನೊಂದನ್ನು ಆರಿಸಿಕೊಳ್ಳಬೇಕಾದ ಸ್ಥಿತಿ ಇದು.

ಉಳಿಯುವುದು ಜೀವನಾಂಶ. ಇದರ ಚರಿತ್ರೆಯೇ ಒಂದು ಪಾಠ. ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಅಡಿ ಕೊಡಬಹುದಾದ ಜೀವನಾಂಶಕ್ಕೆ ತಿಂಗಳಿಗೆ 500 ರೂಪಾಯಿಯ ಮಿತಿ ಇತ್ತು. ಅದನ್ನು ತೆಗೆದದ್ದು 2001ರಲ್ಲಿ. ದೇಶವನ್ನೇ ಅಲುಗಾಡಿಸಿದ 1985ರ ಶಾಬಾನೊ ಪ್ರಕರಣದಲ್ಲಿ ಪ್ರಶ್ನೆಯಲ್ಲಿದ್ದ ಮೊತ್ತ ತಿಂಗಳಿಗೆ 179 ರೂಪಾಯಿ 20 ಪೈಸೆ. ನಲವತ್ತಕ್ಕೂ ಹೆಚ್ಚು ವರ್ಷದ ದಾಂಪತ್ಯದ ನಂತರ ಮನೆಯಿಂದ ಹೊರದೂಡಲ್ಪಟ್ಟ ಮುದುಕಿಯೊಬ್ಬಳು ಅಷ್ಟಕ್ಕಾಗಿ ಸುಪ್ರೀಂ ಕೋರ್ಟ್‌ವರೆಗೆ ಎದುರಾಳಿಯಾಗಿ ನಿಲ್ಲಬೇಕಾಯಿತು. ಗೆದ್ದ ಮೇಲೂ ಮುಸ್ಲಿಂ ಮಹಿಳೆಯರ ವಿಚ್ಛೇದನದ ಹಕ್ಕುಗಳ ಕುರಿತ 1986ರ ಕಾಯ್ದೆ ಆ ಗೆಲುವಿನ ಬಲವನ್ನು ಕುಗ್ಗಿಸಿತು. ಇಂದು ನಿಯಮಗಳು ಸುಧಾರಿಸಿವೆ. ಸುಪ್ರೀಂ ಕೋರ್ಟಿನ 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನ ನಂತರ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಪ್ರಮಾಣಪತ್ರ ಸಲ್ಲಿಸಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರಬೇಕು. ಮನೆಗೆ ಬಾ ಎಂದು ಗಂಡ ಡಿಕ್ರಿ ತಂದ ಮಾತ್ರಕ್ಕೆ, ಹೋಗದ ಹೆಂಡತಿಗೆ ಜೀವನಾಂಶ ತಪ್ಪುವುದಿಲ್ಲ ಎಂದು 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಹೇಳಿದೆ. ಹೀಗಿದ್ದೂ ಆದೇಶ ಕೈಗೆ ಬರುವುದು ಬೇರೆ, ಹಣ ಕೈಗೆ ಬರುವುದು ಬೇರೆ. ಸರ್ಕಾರಿ ನೌಕರನ ಸಂಬಳಕ್ಕೆ ಕತ್ತರಿ ಹಾಕಬಹುದು. ಗುತ್ತಿಗೆ ಕೆಲಸದವನ, ಸಣ್ಣ ವ್ಯಾಪಾರಿಯ, ಜಮೀನು ತಂದೆಯ ಹೆಸರಲ್ಲೇ ಉಳಿಸಿಕೊಂಡವನ ಆದಾಯವನ್ನು ಸಾಬೀತು ಮಾಡಬೇಕಾದವಳು ಆ ಆದಾಯದ ಕಾಗದವನ್ನೇ ನೋಡದ ಹೆಂಡತಿ. ಬಾಕಿಗಾಗಿ ಮತ್ತೆ ಅರ್ಜಿ, ಮತ್ತೆ ವಾರಂಟ್, ಮತ್ತೆ ವಾಯಿದೆ. ಜೀವನಾಂಶದ ದೊಡ್ಡ ಕೊರತೆ ಮೊತ್ತದ್ದಲ್ಲ. ಬಿಟ್ಟುಬಂದ ಗಂಡನನ್ನೇ ಪ್ರತಿ ತಿಂಗಳೂ ಎದುರು ನೋಡುವಂತೆ ಮಾಡುವ ಅದರ ಸ್ವಭಾವದಲ್ಲೇ ಕೊರತೆಯಿದೆ.

ಈಗ ಗಂಡಸರ ಕಡೆಯಿಂದ ಬರುವ ದೂರನ್ನು ನೇರವಾಗಿ ಎದುರಿಸೋಣ. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತಂತ್ರಜ್ಞರೊಬ್ಬರು ವಿಚ್ಛೇದನದ ವ್ಯಾಜ್ಯ ಮತ್ತು ಹಣದ ಬೇಡಿಕೆಗಳಿಂದ ಬೇಸತ್ತೆನೆಂದು ಹೇಳಿಕೆ ಬಿಟ್ಟು ಪ್ರಾಣ ಕಳೆದುಕೊಂಡರು. ಜೀವನಾಂಶದ ಕಾನೂನು ಸುಲಿಗೆಯ ಸಾಧನವಾಗಿದೆ ಎಂಬ ಕೂಗು ಅಂದಿನಿಂದ ದೊಡ್ಡದಾಗಿದೆ. ಒಂದು ಜೀವ ಹೋಗಿದೆ. ಆ ನೋವನ್ನು ಸಣ್ಣದು ಮಾಡುವ ಹಕ್ಕು ಯಾರಿಗೂ ಇಲ್ಲ. ಸುಳ್ಳು ಮೊಕದ್ದಮೆಗಳು ಇಲ್ಲವೇ ಇಲ್ಲ ಎಂದು ವಾದಿಸುವುದೂ ಪ್ರಾಮಾಣಿಕವಲ್ಲ. ಆದರೆ ಈ ಕಹಿಯ ಮೂಲ ಎಲ್ಲಿದೆ? ಮದುವೆಯ ಕಾಲದಲ್ಲಿ ಕೂಡಿಟ್ಟದ್ದರಲ್ಲಿ ಯಾರದು ಎಷ್ಟು ಎಂಬುದಕ್ಕೆ ನಮ್ಮ ಕಾನೂನಿನಲ್ಲಿ ಸ್ಪಷ್ಟ ಸೂತ್ರವಿಲ್ಲ. ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಮದುವೆಯ ವೇಳೆ ಇಬ್ಬರಿಗೂ ಸೇರಿ ಬಂದ ವಸ್ತುಗಳ ಬಗ್ಗೆ ಮಾತ್ರ ಮಾತಾಡುತ್ತದೆ. ನಂತರ ಕೊಂಡ ಸೈಟು, ಕಟ್ಟಿದ ಮನೆ ಯಾರ ಹೆಸರಲ್ಲಿದೆಯೋ ಅವರದು. ಪಾಲು ಕೇಳುವ ದಾರಿ ಇಲ್ಲದ ಕಡೆ ಎಲ್ಲ ಚೌಕಾಸಿಯೂ ಜೀವನಾಂಶದ ಮೊತ್ತದ ಮೇಲೆ, ಕ್ರಿಮಿನಲ್ ದೂರಿನ ಮೇಲೆ, ಮಕ್ಕಳ ಭೇಟಿಯ ಮೇಲೆ ಬಂದು ಕೂರುತ್ತದೆ. ಗಂಡಸರ ಸಂಘಟನೆಗಳು ನಿಜವಾಗಿ ವ್ಯಾಜ್ಯ ತಗ್ಗಬೇಕೆಂದು ಬಯಸುವುದಾದರೆ ಮೊದಲು ಕೇಳಬೇಕಾದದ್ದು ಒಂದೇ ಸಲಕ್ಕೆ ಮುಗಿಯುವ ನ್ಯಾಯವಾದ ಹಂಚಿಕೆಯನ್ನು. ಹೆಂಡತಿಗೆ ಸ್ವಂತದ್ದು ಇದ್ದಷ್ಟೂ ಗಂಡನ ಮೇಲಿನ ಭಾರ ಇಳಿಯುತ್ತದೆ.

ಹೆಣ್ಣಿಗೆ ಹಣ ಬಂದರೆ ವಿಚ್ಛೇದನ ಹೆಚ್ಚುತ್ತದೆ ಎಂಬ ಆತಂಕಕ್ಕೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಹೌದು, ಸ್ವಲ್ಪ ಹೆಚ್ಚಬಹುದು. ಆದರೆ ಯಾವ ಮದುವೆಗಳು ಮುರಿಯುತ್ತವೆ ಎಂಬುದೇ ಪ್ರಶ್ನೆ. ಅಮೆರಿಕದ ದಂಪತಿಗಳ ಬಗ್ಗೆ ಲಿಯಾನಾ ಸೇಯರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉದ್ಯೋಗಸ್ಥ ಹೆಂಗಸರು ಮದುವೆ ಬಿಟ್ಟು ಹೊರಡುವ ಸಾಧ್ಯತೆ ಹೆಚ್ಚಿದ್ದದ್ದು ಅವರು ಆ ಮದುವೆಯಲ್ಲಿ ಅತೃಪ್ತರಾಗಿದ್ದಾಗ ಮಾತ್ರ. ಹೊಂದಿಕೊಂಡ ಸಂಸಾರವನ್ನು ಸಂಬಳ ಒಡೆಯಲಿಲ್ಲ. ಅದೇ ದೇಶದಲ್ಲಿ ಒಬ್ಬರ ಇಚ್ಛೆಯಿಂದಲೇ ವಿಚ್ಛೇದನ ಸಿಗುವ ಕಾನೂನು ಬಂದ ರಾಜ್ಯಗಳಲ್ಲಿ ಹೆಂಗಸರ ಆತ್ಮಹತ್ಯೆಯೂ ಮನೆಯೊಳಗಿನ ಹಿಂಸೆಯೂ ಗಣನೀಯವಾಗಿ ಇಳಿದವು ಎಂದು ಬೆಟ್ಸಿ ಸ್ಟೀವನ್ಸನ್ ಮತ್ತು ಜಸ್ಟಿನ್ ವುಲ್ಫರ್ಸ್ 2006ರಲ್ಲಿ ತೋರಿಸಿದರು. ನಮ್ಮಲ್ಲಿ 2021ರಲ್ಲಿ ಆತ್ಮಹತ್ಯೆ ಮಾಡಿಕೊಂಡ 45,026 ಮಹಿಳೆಯರಲ್ಲಿ 23,178 ಮಂದಿ ಗೃಹಿಣಿಯರು. ಪ್ರತಿ ಸಾವಿಗೂ ಮದುವೆಯೇ ಕಾರಣ ಎನ್ನಲು ಬರುವುದಿಲ್ಲ, ಆದರೆ ವಿಚ್ಛೇದನದ ಸಣ್ಣ ಅಂಕಿಯನ್ನು ಹೆಮ್ಮೆಯಿಂದ ಓದುವವರು ಈ ದೊಡ್ಡ ಅಂಕಿಯನ್ನೂ ಪಕ್ಕದಲ್ಲಿಟ್ಟು ಓದಬೇಕು. ಸ್ವಂತ ಸಂಪಾದನೆ ಇದ್ದೂ ಮಾನ ಮರ್ಯಾದೆಗೆ ಅಂಜಿ, ಮಕ್ಕಳ ಮುಖ ನೋಡಿ ಒಳಗೇ ಉಳಿಯುವ ಹೆಂಗಸರು ಇದ್ದಾರೆ, ನಿಜ. ಹಣವೊಂದೇ ಎಲ್ಲವನ್ನೂ ಬಿಡಿಸಲಾರದು. ಆದರೆ ಉಳಿಯುವುದು ಆಯ್ಕೆಯಾಗಬೇಕಾದರೆ ಹೊರಡುವ ದಾರಿ ಇರಲೇಬೇಕು.

ಗಂಡ ದುಡಿದದ್ದು ಗಂಡನದೇ ಅಲ್ಲವೇ ಎಂಬುದು ಕೊನೆಯ ಆಕ್ಷೇಪ. 2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿತು. ಗಂಡ ಸೌದಿಯಲ್ಲಿ ದುಡಿದು ಕಳಿಸಿದ ಹಣದಿಂದ ಕೊಂಡ ಆಸ್ತಿಯಲ್ಲಿ, ಮನೆ ಮಕ್ಕಳನ್ನು ನೋಡಿಕೊಂಡು ಅವನು ದುಡಿಯಲು ಸಾಧ್ಯ ಮಾಡಿದ ಹೆಂಡತಿಗೂ ಸಮಪಾಲು ಇದೆ ಎಂದು ನ್ಯಾಯಮೂರ್ತಿ ಕೃಷ್ಣನ್ ರಾಮಸ್ವಾಮಿ ತೀರ್ಪಿತ್ತರು. ಆದರೆ ಒಂದು ತೀರ್ಪು ಕಾನೂನಿನ ಜಾಗ ತುಂಬಲಾರದು. ಕಾನೂನು ಈಗ ಎಷ್ಟು ದೂರ ಹೋಗಿ ಹೆಣ್ಣಿನ ದುಡಿಮೆಯನ್ನು ಗಂಡನ ಮನೆಯದೆಂದು ಎಣಿಸುತ್ತದೆ ಎಂಬುದಕ್ಕೆ 2009ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ನೋಡಬೇಕು. ಮದುವೆಯಾದ ಮೂರೇ ತಿಂಗಳಿಗೆ ವಿಧವೆಯಾಗಿ, ಗಂಡನ ಮನೆಯಿಂದ ಹೊರಹಾಕಲ್ಪಟ್ಟು, ತವರಿನಲ್ಲಿ ಓದಿ ಕೆಲಸಕ್ಕೆ ಸೇರಿದ ಮಹಿಳೆ ಉಯಿಲು ಬರೆಯದೆ ತೀರಿಕೊಂಡಾಗ, ಅವಳ ಬ್ಯಾಂಕ್ ಠೇವಣಿ, ಭವಿಷ್ಯನಿಧಿ ಎಲ್ಲವೂ ಹೋದದ್ದು ಅವಳನ್ನು ಹೊರಹಾಕಿದ ಆ ಗಂಡನ ಕಡೆಯವರಿಗೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ ಬರೆದಿರುವುದು ಹಾಗೆ. ನಮ್ಮ ಪಕ್ಕದ ಗೋವಾದಲ್ಲಿ ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆಯಿಂದ ಬಂದ ಬೇರೆಯದೇ ವ್ಯವಸ್ಥೆಯಿದೆ: ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ಮದುವೆಯಿಂದಲೇ ಆಸ್ತಿ ಇಬ್ಬರದೂ ಆಗುತ್ತದೆ, ಬೇರೆಯಾದರೆ ಅರ್ಧರ್ಧ. ಅಲ್ಲೂ ಆಡಳಿತ ಗಂಡನ ಕೈಯಲ್ಲೇ ಇದ್ದ ದೋಷವಿದೆ, ಆದರೂ ಹೆಂಡತಿಯ ಒಪ್ಪಿಗೆಯಿಲ್ಲದೆ ಸ್ಥಿರಾಸ್ತಿ ಮಾರುವಂತಿಲ್ಲ. ದೇಶಕ್ಕೆಲ್ಲ ಇಂಥದ್ದೊಂದನ್ನು ತರುವ ಅರೆಮನಸ್ಸಿನ ಪ್ರಯತ್ನ ಒಮ್ಮೆ ನಡೆಯಿತು. ಸರಿಪಡಿಸಲಾಗದಷ್ಟು ಮುರಿದ ಮದುವೆಗೆ ವಿಚ್ಛೇದನ ಕೊಟ್ಟು, ಗಂಡನ ಸ್ಥಿರಾಸ್ತಿಯಿಂದ ಹೆಂಡತಿ ಮಕ್ಕಳಿಗೆ ಪರಿಹಾರ ನಿಗದಿ ಮಾಡುವ 2010ರ ಮಸೂದೆಯನ್ನು ರಾಜ್ಯಸಭೆ 2013ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಲೋಕಸಭೆಯ ಅಂಗೀಕಾರ ಸಿಗದೆ ಅದು ರದ್ದಾಯಿತು.

ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಿಂದ ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹಾಕುವ ಗೃಹಲಕ್ಷ್ಮಿಯನ್ನು ನಡೆಸುತ್ತಿದೆ. ಕೈಯಲ್ಲಿ ತನ್ನದೆನ್ನುವ ಹಣ ಕಂಡೇ ಇರದ ಹೆಂಗಸಿಗೆ ಅದು ದೊಡ್ಡದು. ಅದನ್ನು ಬಿಟ್ಟಿ ಎಂದು ಜರಿಯುವವರೊಂದಿಗೆ ನನ್ನ ಸಹಮತವಿಲ್ಲ. ಆದರೆ 2,000 ರೂಪಾಯಿ ಸೂರಾಗಲಾರದು. ಮದುವೆ, ವಿಚ್ಛೇದನ, ಉತ್ತರಾಧಿಕಾರ ಮೂರೂ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ. ದೆಹಲಿಗಾಗಿ ಕಾಯದೆ 1994ರಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟ ಇದೇ ವಿಧಾನಮಂಡಲ, ದಾಂಪತ್ಯದ ಕಾಲದಲ್ಲಿ ಗಳಿಸಿದ ಆಸ್ತಿ ಗಂಡ ಹೆಂಡತಿ ಇಬ್ಬರದೂ ಎಂಬ ಮಸೂದೆಯನ್ನು ಮಂಡಿಸಿ, ರಾಷ್ಟ್ರಪತಿಗಳ ಅಂಕಿತಕ್ಕೆ ಕಳಿಸಬಹುದು. ಆ ಮಸೂದೆಯನ್ನು ಕೇಳುವ ಕೆಲಸವನ್ನು ಮಹಿಳಾ ಸಂಘಟನೆಗಳಷ್ಟೇ ಅಲ್ಲ, ಹೆಣ್ಣುಮಕ್ಕಳ ಮದುವೆಗೆಂದು ಸಾಲ ಮಾಡುವ ಪ್ರತಿಯೊಬ್ಬ ತಂದೆಯೂ ತಾಯಿಯೂ ಈ ಅಧಿವೇಶನದಿಂದಲೇ ತಮ್ಮ ಶಾಸಕರ ಮುಂದೆ ಇಡಬೇಕು.